ಚೊಕ್ಕಮ್ಮ ಉಜ್ಜಿದ ಬಂಡೆ

ನೀರು ಇಳಿದಿತ್ತು. ಬುಟ್ಟಿ ಹಿಡಿದ ಸೊಸೆಯೊಂದಿಗೆ ಕಡಲಂಚಿನ ಬಂಡೆ ಹತ್ತಿದ ಚೊಕ್ಕಮ್ಮ ಗಪ್ಪನೆ ಮೂಗು ಮುಚ್ಚಿಕೊಂಡಳು. ಬಂಡೆಯ ತುಂಬ ಕಪ್ಪೆಚಿಪ್ಪುಗಳು ಬಾಯಿ ತೆರೆದು ನಾರುತ್ತಿದ್ದವು. ಒಂದನ್ನು ಬೆರಳಿನಿಂದ ತಟ್ಟಿದಳು. ಜೀವವಿದ್ದರೆ ತಟ್ಟಿದ ಕೂಡಲೇ ಬಾಯಿ ಮುಚ್ಚುತ್ತದೆ. ಇದು ಮುಚ್ಚಲಿಲ್ಲ. ಇನ್ನೊಂದನ್ನು ತಟ್ಟಿದಳು. ಅದೂ ಇಲ್ಲ.

"ಅತ್ತೆ, ಎಲ್ಲಾ ಸತ್ತುಹೋಗಿವೆ!" ಎಂದಳು ಸೊಸೆ.

ಅವರ ಮನೆಯ ಒಲೆ ಉರಿಯುತ್ತಿದ್ದದ್ದೇ ಈ ಬಂಡೆಯ ಚಿಪ್ಪಿನಿಂದ.

"ಯಾರೋ ವಿಷ ಹಾಕಿದಾರೆ ಕಣೇ! ಹೊಟ್ಟೆಕಿಚ್ಚಿನ ಮುಂಡೇವು!" ಚೊಕ್ಕಮ್ಮ ಕೂಗಿಕೊಂಡಳು.

ಅವಳ ನಿಜವಾದ ಹೆಸರು ಬೇರೆ. ಕಸ ಕಂಡರೆ ಆಗದು, ಅದಕ್ಕೇ ಚೊಕ್ಕಮ್ಮ. ಹೋದ ವಾರ ಬಂಡೆಯ ಮೇಲೆ ಜಡೆಯಂತೆ ಬೆಳೆದ ಕಂದು ಕಡಲಪಾಚಿಯನ್ನೆಲ್ಲ ಕಬ್ಬಿಣದ ಉಳಿಯಿಂದ ಬುಡಸಮೇತ ಕೆರೆದು, ಪಾತ್ರೆಯ ಹಾಗೆ ಉಜ್ಜಿಟ್ಟಿದ್ದಳು. ಇನ್ನು ಕಾಲು ಜಾರುವುದಿಲ್ಲ, ಚಿಪ್ಪು ಚೆನ್ನಾಗಿ ಕಣ್ಣಿಗೆ ಬೀಳುತ್ತದೆ ಎಂದು ಕೇರಿಗೆಲ್ಲ ಸಾರಿಯೂ ಬಂದಿದ್ದಳು. ಪಕ್ಕದ ಬಂಡೆಯಲ್ಲಿ ಚಿಪ್ಪು ಆರಿಸುವ, ಬಲೆ ಹೆಣೆಯುವವಳನ್ನು ಗೇಲಿ ಮಾಡಿದ್ದಳು: "ನಿನಗೂ ನಿನ್ನ ಬಂಡೆಗೂ ತಲೆ ಬಾಚೋ ಅಭ್ಯಾಸವೇ ಇಲ್ಲವಲ್ಲೇ!"

ಕೂಗು ಕೇಳಿ ಈಗ ಆ ಬಲೆ ಹೆಣೆಯುವವಳೇ ಓಡಿ ಬಂದಳು. "ವಿಷ ಯಾರೂ ಹಾಕಿಲ್ಲ ಅಕ್ಕ. ಬಂಡೆ ಮೇಲೆ ಕೈಯಿಟ್ಟು ನೋಡು."

ಚೊಕ್ಕಮ್ಮ ಮುಟ್ಟಿದಳು. ಕಾದ ಹೆಂಚು! ಕೈ ತಾನಾಗಿ ಹಿಂದಕ್ಕೆ ಬಂತು.

"ಈಗ ನನ್ನ ಬಂಡೆಗೆ ಬಾ."

ಅಲ್ಲಿ ಬಲೆ ಹೆಣೆಯುವವಳು ಕಂದು ಪಾಚಿಯ ದಪ್ಪ ಜಡೆಯನ್ನು ಎತ್ತಿ ಹಿಡಿದಳು. ಅಡಿಯಲ್ಲಿ ತೇವ, ತಂಪು. ಚಿಪ್ಪುಗಳು ಬಾಯಿ ಬಿಗಿದು ಕೂತಿದ್ದವು. ಮರಿ ಏಡಿಯೊಂದು ಅಡ್ಡಡ್ಡ ಓಡಿತು.

"ನೀರಿಳಿದಾಗ ಬಿಸಿಲಿಗೆ ಇದೇ ಇವಕ್ಕೆ ಹೊದಿಕೆ. ನೀನು ಹೊದಿಕೆ ಕಿತ್ತುಬಿಟ್ಟೆ."

"ಪಾಚಿ ತಾನೇ? ಮತ್ತೆ ಬೆಳೆಯಲ್ವಾ?"

"ಮೇಲೆ ಮೇಲೆ ಕತ್ತರಿಸಿದ್ರೆ ಬೆಳೀತಿತ್ತು. ಇದಕ್ಕೆ ಗಿಡದ ಹಾಗೆ ಬೇರಿಲ್ಲ ಅಕ್ಕ. ಬುಡದಲ್ಲಿ ಗಂಟಿದೆ ನೋಡು, ಅದರಿಂದಲೇ ಕಲ್ಲನ್ನ ಅಪ್ಪಿಕೊಂಡಿರುತ್ತೆ. ಅದನ್ನೂ ಕೆರೆದ್ರೆ, ಕಣ್ಣಿಗೆ ಕಾಣದಂಥ ಪಾಚಿಯ ಮರಿ ನೀರಲ್ಲಿ ತೇಲಿ ಬಂದು ಹೊಸದಾಗಿ ಅಂಟಬೇಕು. ವರ್ಷಗಟ್ಟಲೆ ಹಿಡೀಬಹುದು."

"ಹಾಗಾದ್ರೆ... ನನ್ನ ಕೈಯಾರೆ ನಾನೇ?" ಚೊಕ್ಕಮ್ಮ ತನ್ನ ಬೋಳು ಬಂಡೆಯ ಕಡೆ ತಿರುಗಿದಳು.

ಅಷ್ಟರಲ್ಲಿ ಕೇರಿಯ ಹೆಂಗಸರು ಗಲಗಲ ನಗುತ್ತ ಬಂದರು. ಎಲ್ಲರ ಕೈಯಲ್ಲೂ ಉಳಿ!

"ಚೊಕ್ಕಮ್ಮಾ, ನಿನ್ನ ಹಾಗೇ ನಾವೂ ಉಜ್ಜೋಕೆ ಬಂದ್ವಿ!"

ನಿಜ ಹೇಳಿದರೆ ಚೊಕ್ಕಮ್ಮನ ಮರ್ಯಾದೆ ಮೂರಾಬಟ್ಟೆ. ಸೊಸೆಯ ಕೈಲಿದ್ದ ಖಾಲಿ ಬುಟ್ಟಿಯನ್ನು ನೋಡಿದಳು. ಓಡಿಹೋಗಿ ದಾರಿಗೆ ಅಡ್ಡ ನಿಂತಳು.

"ಉಳಿ ಕೆಳಗಿಡಿ! ಪಾಚಿ ಕೆರೆದು ಚಿಪ್ಪನ್ನೆಲ್ಲ ನಾನೇ ಸಾಯಿಸಿಬಿಟ್ಟೆ. ಮೊದಲು ನನ್ನ ಬಂಡೆ ಮೂಸಿ ನೋಡಿ!"

ನಗು ನಿಂತಿತು. ಒಬ್ಬೊಬ್ಬರೇ ಹೋಗಿ ಮೂಸಿದರು, ಮುಟ್ಟಿದರು. ಉಳಿಗಳು ಅವರವರ ಬುಟ್ಟಿಯ ತಳ ಸೇರಿದವು.

ಬಲೆ ಹೆಣೆಯುವವಳು ಚೊಕ್ಕಮ್ಮನ ಬುಟ್ಟಿ ಎಳೆದುಕೊಂಡಳು. "ನಿನ್ನ ಬಂಡೆಗೆ ಕೂದಲು ಬರೋ ತನಕ ನನ್ನದ್ರಲ್ಲೇ ಆರಿಸು ಬಾ ಅಕ್ಕ. ತಲೆ ಮಾತ್ರ ಬಾಚಬೇಡ!"

ಅಕ್ಕಂದಿರೇ, ಅಣ್ಣಂದಿರೇ, ನೀವೂ ಕಡಲಂಚಿನವರೇ? ಹಾಗಿದ್ದರೆ ಉಳಿ ಎತ್ತುವ ಮೊದಲು ಪಾಚಿಯ ಅಡಿಗೆ ಒಮ್ಮೆ ಕೈ ಹಾಕಿ ನೋಡಿ. ಪಾಚಿ ಬೇಕಿದ್ದರೆ ಮೇಲಿನದನ್ನಷ್ಟೇ ಕತ್ತರಿಸಿ, ಬುಡ ಬಿಡಿ, ಬಂಡೆಯನ್ನು ಬೋಳಿಸಬೇಡಿ. ನಮ್ಮ ಒಲೆಯ ಬೆಂಕಿ ಇರುವುದು ಆ ತಂಪಿನಲ್ಲೇ.