ಗಂಡಸರ ಮಷಿನ್ನು

“ಕೈ ತೆಗಿಯೇ ಮುಂಡೇದೇ! ಅದೇನು ನಿಮ್ಮಪ್ಪ ಬಿಟ್ಟೋದ ಆಸ್ತಿನಾ, ಹಂಗೆ ಸವರ್ತಾ ಇದೀಯ?”

ಅಂಗಡಿಯವನ ಎದುರಿಗೇ ಗ್ಯಾರೇಜಿನ ಯಜಮಾನ ಹೀಗೆ ಗದರಿದಾಗ ಫಳಫಳಕ್ಕ ಬೂದು ಬಣ್ಣದ ಪಾಲಿಶ್ ಮಷಿನ್ನಿನ ಮೇಲಿಂದ ಕೈ ತೆಗೆದಳು. ಹನ್ನೊಂದು ವರ್ಷದಿಂದ ಅವನ ಗ್ಯಾರೇಜಿನಲ್ಲಿ ಗೀರುಬಿದ್ದ ಕಾರುಗಳನ್ನು ಬಟ್ಟೆಯಲ್ಲಿ ಉಜ್ಜಿ ಉಜ್ಜಿ ಕನ್ನಡಿ ಮಾಡುತ್ತಿದ್ದವಳು ಅವಳು. ಹೆಸರು ಬಂದದ್ದೂ ಹಾಗೆಯೇ. ಕಾರುಗಳು ಹೊಳೆದಷ್ಟೂ ಅವಳ ಬಲಭುಜ ಕೆಡುತ್ತ ಬಂತು. ಈಗ ಕೈ ಕಿವಿಯಿಂದ ಮೇಲಕ್ಕೇಳುವುದಿಲ್ಲ. ಬೆಳಿಗ್ಗೆ ಅತ್ತೆಯೇ ತಲೆ ಬಾಚಬೇಕು. “ಸೊಸೆಗೆ ನಾನು ಸೇವೆ ಮಾಡೋ ಹಂಗಾಯ್ತಲ್ಲ, ಅದೆಂಥ ಪುಣ್ಯ ಮಾಡಿದ್ನೋ” ಎಂದು ಬೈದುಕೊಳ್ಳುತ್ತಲೇ ಮುದುಕಿ ನೋವಾಗದಂತೆ ಸಿಕ್ಕು ಬಿಡಿಸುತ್ತಿದ್ದಳು.

ಒಂದು ಮಷಿನ್ನು ತಂದುಕೊಡಿ ಎಂದು ಫಳಫಳಕ್ಕ ಮೂರು ವರ್ಷದಿಂದ ಗೋಗರೆಯುತ್ತಿದ್ದಳು. ಅದು ಯಜಮಾನನ ಕಿವಿಗೆ ಬಿದ್ದದ್ದು ಎದುರು ಗ್ಯಾರೇಜಿನವನು ಮಷಿನ್ನು ತಂದು ಬೋರ್ಡು ಬರೆಸಿದ ದಿನ. ಇವತ್ತು ಅವಳನ್ನು ಜೊತೆಗೆ ಕರೆತಂದದ್ದೂ ಅಭಿಪ್ರಾಯ ಕೇಳಲಿಕ್ಕಲ್ಲ. ಪರೀಕ್ಷೆಗೆಂದು ತಂದ ಹಳೆಯ ಬಾನೆಟ್ಟನ್ನು ಯಾರಾದರೂ ಹೊರಬೇಕಿತ್ತಲ್ಲ.

ಮೇಜಿನ ಮೇಲೆ ಎರಡು ಮಷಿನ್ನುಗಳಿದ್ದವು. ಒಂದು ಕೆಂಪು. ಎತ್ತಿದರೆ ಸೊಂಟ ಹಿಡಿಯುವಷ್ಟು ಭಾರ. ಗುಂಡಿ ಒತ್ತಿದರೆ ಒಂದೇ ವೇಗದಲ್ಲಿ ಗಿರ್ರೆಂದು ಸುತ್ತುವುದಷ್ಟೇ ಅದಕ್ಕೆ ಗೊತ್ತು. ಬೂದು ಹಗುರ. ಸುತ್ತುತ್ತಲೇ ಅತ್ತಿತ್ತ ಅಲುಗುತ್ತಿತ್ತು, ವೇಗ ಏರಿಸಲು ಇಳಿಸಲು ಪಕ್ಕದಲ್ಲೊಂದು ತಿರುಪು.

“ಈ ಕೆಂಪು ಇದೆಯಲ್ಲ ಸಾರ್, ಇದು ಗಂಡಸರ ಮಷಿನ್ನು,” ಎಂದ ಅಂಗಡಿಯವನು. “ಆ ಬೂದು ಮನೇಲಿ ಹೆಂಗಸರು ಸ್ಕೂಟರ್ ಒರೆಸ್ಕೊಳ್ಳೋಕೆ.”

ಯಜಮಾನ ಉಸಿರು ಬಿಗಿಹಿಡಿದು ಎದೆ ಮುಂದೆ ಮಾಡಲು ನೋಡಿದ. ಎದೆ ಬರಲಿಲ್ಲ, ಹೊಟ್ಟೆಯೇ ಬಂತು. ಕೆಂಪನ್ನು ಎತ್ತಿ ಗುಂಡಿ ಒತ್ತಿದ. ಅಂಗಡಿಯ ಗಾಜುಗಳು ಗಡಗಡ ನಡುಗಿದವು.

“ಆಹಾ! ಸದ್ದು ಅಂದ್ರೆ ಇದಪ್ಪ!”

“ಯಜಮಾನ್ರೇ, ಅದು ಬೇಡ,” ಎಂದಳು ಫಳಫಳಕ್ಕ. “ಒಂದೇ ಕಡೆ ಸುತ್ತಿ ಸುತ್ತಿ ಬಿಸಿಯೇರುತ್ತೆ, ಬಣ್ಣ ಸುಟ್ಟೋಗುತ್ತೆ. ಬಾಗಿಲ ಅಂಚಲ್ಲಂತೂ ಬಣ್ಣ ಇರೋದೇ ಈರುಳ್ಳಿ ಸಿಪ್ಪೆಯಷ್ಟು. ಈ ಬೂದುದು ಅಲುಗ್ತಾ ಸುತ್ತುತ್ತೆ, ಬಿಸಿ ಒಂದೇ ಕಡೆ ನಿಲ್ಲಲ್ಲ. ಬೇಕಾದಂಗೆ ವೇಗ ಇಳಿಸ್ಬೋದು. ನನ್ನ ಕೈಗೂ...”

“ನಿಮ್ಮ ಇಂಜಿನಿಯರ್ರಾ ಸಾರ್?” ಅಂಗಡಿಯವನು ಹಲ್ಲುಕಿರಿದ.

“ಉಜ್ಜೋ ಹೆಂಗಸು ಮಾರಾಯ. ಕೈಗಿಂತ ಬಾಯೇ ಜೋರಾಗಿ ಸುತ್ತುತ್ತೆ. ಇವಳಿಗೂ ಒಂದು ಗುಂಡಿ ಇದ್ದಿದ್ರೆ ಆಫ್ ಮಾಡ್ಬಿಡ್ತಿದ್ದೆ.”

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಇನ್ನು ಬೂದು ಕೊಂಡರೆ ಕೆಲಸದವಳ ಮಾತು ಕೇಳಿದಂತಾಗುತ್ತದೆ. ಆಯ್ಕೆ ಅಲ್ಲಿಗೆ ಮುಗಿಯಿತು. ಬಾನೆಟ್ಟಿನ ಮೇಲೆ ಪರೀಕ್ಷೆಯೂ ನಡೆಯಲಿಲ್ಲ. ಅವಳು ಅದನ್ನು ಹೊತ್ತು ತಂದಂತೆಯೇ ಹೊತ್ತು ನಡೆದಳು. ಮೇಲೆ ಕೆಂಪು ಮಷಿನ್ನಿನ ಪೆಟ್ಟಿಗೆ ಬೇರೆ.

ಎರಡು ದಿನ ಬಿಟ್ಟು ವಾಹನ ತಪಾಸಣೆಯ ಸಾಹೇಬನ ಕಪ್ಪು ಕಾರು ಬಂತು. ಬಾಗಿಲ ಉದ್ದಕ್ಕೂ ಗೀರು. ಗ್ಯಾರೇಜಿನ ಪರವಾನಗಿ ಈ ಸಾಹೇಬನ ಸಹಿಯ ಮೇಲೆ ನಿಂತಿತ್ತು. ಯಜಮಾನನ ಬೆನ್ನು ಬಾಗಿದ ರೀತಿ ನೋಡಿ, ಡೊಂಕು ತಗಡು ಬಡಿದು ನೆಟ್ಟಗೆ ಮಾಡುವ ಸುತ್ತಿಗೆ ಮಾವ, “ಇದನ್ನ ನೇರ ಮಾಡೋದು ನನ್ನ ಕೈಲೂ ಆಗಲ್ಲ ಕಣಮ್ಮ” ಎಂದು ಫಳಫಳಕ್ಕನ ಕಿವಿಯಲ್ಲಿ ಉಸುರಿದ.

ಸಾಹೇಬ ಆಫೀಸು ಕೋಣೆಯ ಫ್ಯಾನಿನಡಿ ನಿದ್ದೆಗೆ ಜಾರಿದ. ಯಜಮಾನ ಕೆಂಪು ಮಷಿನ್ನನ್ನು ಅವಳ ಮುಂದೆ ತಂದಿಟ್ಟ.

“ಹಿಡಿ.”

“ಇದ್ರಲ್ಲಿ ನಾನು ಮಾಡಲ್ಲ. ಬಟ್ಟೇಲಿ ಉಜ್ಜಿ ಸಂಜೆಯೊಳಗೆ ಕೊಡ್ತೀನಿ.”

“ಮಾಡಲ್ವಾ? ಥೂ, ನಿನ್ನ ಸೊಕ್ಕಿಗಿಷ್ಟು ಬೆಂಕಿ ಹಾಕ! ಆ ಕಡೆ ಹೋಗಿ ಸಾಯಿ. ಕೆಲಸ ಅಂದ್ರೆ ಹೆಂಗೆ ಅಂತ ನೋಡ್ಕೋ.”

ಯಜಮಾನ ಅಂಗಿಯ ತೋಳು ಮಡಚಿದ. ಮಷಿನ್ನಿನ ತುದಿಯಲ್ಲಿ ಸುತ್ತುವ ಉಣ್ಣೆಯ ಬಿಲ್ಲೆಗೆ ಒಂದು ಮುಷ್ಟಿ ಪಾಲಿಶ್ ಮೆತ್ತಿ ಗುಂಡಿ ಒತ್ತಿದ. ಪಾಲಿಶ್ ಅಷ್ಟೂ ಹಾರಿ ಅವನ ಮುಖಕ್ಕೇ ಬಿತ್ತು. ಮೀಸೆ ಒಂದು ಕ್ಷಣದಲ್ಲಿ ನರೆಯಿತು. ಯಾರೋ ಕಿಸಕ್ಕೆಂದರು. ಆ ಸಿಟ್ಟಿಗೆ ಅವನು ಮಷಿನ್ನನ್ನು ಬಾಗಿಲ ಅಂಚಿಗೆ ಒತ್ತಿ ಹಿಡಿದ. ಸುಟ್ಟ ವಾಸನೆ ಬಂತು. ಎತ್ತಿ ನೋಡಿದರೆ ಕಪ್ಪು ಬಣ್ಣ ಎದ್ದುಹೋಗಿ ಅಡ್ಡಾದಿಡ್ಡಿ ಬೂದು ಕಲೆ, ಅದರ ನಡುವೆ ಬರೀ ತಗಡು.

ಸದ್ದಿಗೆ ಎಚ್ಚರವಾಗಿ ಸಾಹೇಬ ಹೊರಬಂದ.

“ಯಾವ ಬೋಳಿಮಗ ಮಾಡಿದ್ದು ಇದನ್ನ?”

ಯಜಮಾನ ತೋಳಿನಿಂದ ಮುಖ ಒರೆಸಿಕೊಂಡು ಬೆರಳು ಚಾಚಿದ. “ಇವಳೇ ಸಾರ್. ಬೇಡ ಬೇಡ ಅಂದ್ರೂ ಕೇಳಲಿಲ್ಲ. ಏಯ್, ಸಾಹೇಬರ ಕಾಲಿಗೆ ಬೀಳು!”

ಅವನ ಎಡಗಿವಿಯಲ್ಲಿ ಬಿಳಿ ಪಾಲಿಶ್ ಇನ್ನೂ ಮೆತ್ತಿಕೊಂಡಿತ್ತು. ಸಾಹೇಬ ಅದನ್ನು ನೋಡಿದ. ನೋಡಿಯೂ ಫಳಫಳಕ್ಕನ ಕಡೆಗೇ ತಿರುಗಿದ.

“ಅವಳಲ್ಲ ಸಾಹೇಬ್ರೇ,” ಎಂದ ಸುತ್ತಿಗೆ ಮಾವ.

“ನಿನ್ನನ್ನ ಯಾರು ಕೇಳಿದ್ರೋ?” ಎಂದು ಸಾಹೇಬ ಅವನನ್ನು ಗದರಿದ. “ಏನಮ್ಮಾ, ಬೀಳ್ತೀಯೋ, ಪೊಲೀಸರನ್ನ ಕರೆಸ್ಲೋ?”

ಫಳಫಳಕ್ಕ ಬಗ್ಗಿದಳು. ಯಜಮಾನ ನೆಮ್ಮದಿಯ ಉಸಿರು ಬಿಟ್ಟ. ಬಗ್ಗಿದವಳು ಎದ್ದಾಗ ಕೆಂಪು ಮಷಿನ್ನು ಅವಳ ತೋಳುಗಳಲ್ಲಿತ್ತು. ಭುಜದಲ್ಲಿ ಸೂಜಿ ಆಡಿಸಿದಂತಾಯಿತು. ಉದ್ದನೆಯ ತಂತಿ ಎಳೆದುಕೊಂಡು, ನೆರಳಲ್ಲಿ ನಿಲ್ಲಿಸಿದ್ದ ಯಜಮಾನನ ಸ್ವಂತ ಕಾರಿನ ಬಳಿಗೆ ನಡೆದಳು. ಇನ್ನೂ ಸೀಟಿನ ಪ್ಲಾಸ್ಟಿಕ್ ಹಾಳೆ ಬಿಚ್ಚಿರದ ಬಿಳಿ ಕಾರು.

“ಸಾಹೇಬ್ರೇ, ಹನ್ನೊಂದು ವರ್ಷದಲ್ಲಿ ನಾನು ಒಂದು ಕಾರೂ ಸುಟ್ಟಿಲ್ಲ. ನಾನು ಸುಟ್ರೆ ಹೆಂಗಿರುತ್ತೆ ಅಂತ ತೋರಿಸ್ತೀನಿ. ಆಮೇಲೆ ಎರಡನ್ನೂ ಪಕ್ಕದಲ್ಲಿಟ್ಟು ನೀವೇ ಹೇಳಿ.”

ಗುಂಡಿ ಒತ್ತಿ, ಬಾನೆಟ್ಟಿನ ನಟ್ಟನಡುವೆ ಬಿಲ್ಲೆ ಊರಿ, ಅಲುಗದೆ ನಿಂತಳು. ಹೊಗೆ ಎದ್ದಿತು. ಯಜಮಾನ ಬಾಯಿಬಾಯಿ ಬಡಿದುಕೊಂಡ. ಮಷಿನ್ನು ಎತ್ತಿದಾಗ ಕೆಳಗೆ ಬಳೆ ಇಟ್ಟು ಗೆರೆ ಎಳೆದಂಥ ಕಲೆ.

“ನೋಡಿದ್ರಾ? ದುಂಡಗೆ. ನನ್ನ ಕೈ ಅಂಚಿಗೆ ಹೋಗಲ್ಲ.”

“ಹಿಡೀರೋ ಅವಳನ್ನ! ಕರೆಂಟು ತೆಗೀರೋ!” ಯಜಮಾನ ಸ್ವಿಚ್ಚಿನ ಕಡೆ ಓಡಿದ.

ಸ್ವಿಚ್ಚಿಗೆ ಬೆನ್ನು ಕೊಟ್ಟು ಸುತ್ತಿಗೆ ಮಾವ ಬೀಡಿ ಹಚ್ಚುತ್ತಿದ್ದ.

“ಸ್ವಲ್ಪ ತಡೀರಿ ಯಜಮಾನ್ರೇ,” ಎಂದ, ಕದಲದೆ. “ನಾಲ್ಕು ಬಾಗಿಲು ಬಾಕಿ ಇದೆ.”