ಬೀದಿಯ ತೊಂಬೆಯ ಒಳಮೈ

ನಾನು ಒಂದು ನೀರಿನ ತೊಂಬೆ. ನಾಲ್ಕು ಸಿಮೆಂಟಿನ ಬಳೆಗಳನ್ನು ಒಂದರ ಮೇಲೊಂದು ಕೂರಿಸಿ, ತಲೆಗೊಂದು ಮುಚ್ಚಳ ಹಾಕಿ, ಕಾಲ ಬಳಿ ಮೂರು ನಲ್ಲಿ ಜೋಡಿಸಿ, ಊರಿನ ಮೇಲಿನ ಬೀದಿಯಲ್ಲಿ ನನ್ನನ್ನು ನಿಲ್ಲಿಸಿದರು. ಹೊರಮೈಗೆ ನುಣ್ಣಗೆ ಗಾರೆ ಬಳಿದು ನೀಲಿ ಬಣ್ಣ ಹೊಡೆದರು. ಒಳಗೆ ಯಾರು ನೋಡುತ್ತಾರೆಂದು ಬಳೆಗಳ ಸಂದನ್ನು ಒರಟಾಗಿಯೇ ಬಿಟ್ಟರು. ಮೊದಲ ನೀರು ಬಿದ್ದ ದಿನ ಹೆಂಗಸರು ಅರಿಶಿನ ಕುಂಕುಮ ಇಟ್ಟು ಕೈ ಮುಗಿದರು. ಗಂಗೆಯೇ ಬಂದು ನನ್ನಲ್ಲಿ ನಿಂತಳೆಂದು ನಾನೂ ನಂಬಿದೆ.

ನನ್ನನ್ನು ನೋಡಿಕೊಳ್ಳುತ್ತಿದ್ದವನು ನೀರುಗಂಟಿ ಜವರಯ್ಯ. ಹದಿನೈದು ದಿನಕ್ಕೊಮ್ಮೆ ನೀರು ಖಾಲಿ ಮಾಡಿ, ಶಿವನ ಹೆಸರು ಹೇಳಿಕೊಂಡು ಒಳಗಿಳಿಯುತ್ತಿದ್ದ. ತೆಂಗಿನ ನಾರಿನಿಂದ ಗೋಡೆ, ಸಂದು ಎಲ್ಲವನ್ನೂ ಉಜ್ಜಿ ತೊಳೆದು, ಆಮೇಲೆ ಬ್ಲೀಚಿಂಗ್ ಪುಡಿ ಕಲಸಿ ಬಿಡುತ್ತಿದ್ದ. ಹೀಗೆ ಹನ್ನೊಂದು ವರ್ಷ ನಡೆಯಿತು.

ಎದುರುಮನೆಯ ಸಣ್ಣತಾಯಮ್ಮ ದೊಡ್ಡ ಭಕ್ತೆ. ಸೋಮವಾರದ ಅಭಿಷೇಕಕ್ಕೆ ನನ್ನ ನೀರನ್ನೇ ಒಯ್ಯುತ್ತಿದ್ದಳು. ಒಂದು ದಿನ ಜವರಯ್ಯನನ್ನು ತಡೆದು ನಿಲ್ಲಿಸಿದಳು.

"ಜವರಣ್ಣ, ದೇವ್ರಿಗೆ ಎರೆಯೋ ನೀರು ಆಸ್ಪತ್ರೆ ವಾಸ್ನೆ ಹೊಡೀತದೆ ಕಣಣ್ಣ. ಪುಡಿ ಒಸಿ ಕಮ್ಮಿ ಹಾಕು."

"ನಿಮ್ ಶಿವ ವಿಷಾನೇ ಕುಡ್ದೋನು. ಈ ಪುಡಿಗೆ ಮೂಗು ಮುಚ್ಕೊಂಡಾನೇನವ್ವ?"

"ಅವ್ನು ಕುಡ್ದಾನು. ಕಾಫಿ ಕುಡಿಯೋರು ನಾವಲ್ವಾ?"

ಬೀದಿಯೆಲ್ಲ ನಕ್ಕಿತು. ಜವರಯ್ಯನೂ ನಕ್ಕ. ಯಾರಿಗೂ ಇಲ್ಲವೆನ್ನಲಾರದ ಜೀವ ಅದು. ಮುಂದಿನ ಸಲ ಹಿಡಿ ಪುಡಿ ಅರೆಹಿಡಿಯಾಯಿತು. ಬರಬರುತ್ತ ಚಿಟಿಕೆಗೆ ಇಳಿಯಿತು. ಅದೇ ವರ್ಷ ಅವನ ಮಂಡಿ ಹಿಡಿದುಕೊಂಡು ಒಳಗಿಳಿಯುವುದು ಕಷ್ಟವಾಯಿತು. ತೊಳೆಯುವ ದಿನ ನೀರಿಲ್ಲವೆಂದು ಜನ ಗೊಣಗುತ್ತಲೂ ಇದ್ದರು. ಹದಿನೈದು ದಿನದ ಕೆಲಸ ತಿಂಗಳಿಗೆ ಹೋಗಿ, ಕೊನೆಗೆ ನಿಂತೇಹೋಯಿತು.

ಆಗ ನನ್ನ ಸಂದುಗಳಲ್ಲಿ ಏನೋ ಅಂಟಿಕೊಂಡಿತು. ಮೊದಲಿಗೆ ಎಣ್ಣೆ ಸವರಿದಷ್ಟು ತೆಳು. ನೀರು ಬಂದು ಹೋದಂತೆ ಪದರದ ಮೇಲೆ ಪದರ ಕೂತು ಲೋಳೆಯಾಯಿತು. ಕಣ್ಣಿಗೆ ಕಾಣದ ಕ್ರಿಮಿಗಳು ಅದರೊಳಗೆ ಸಂಸಾರ ಹೂಡಿದವು. ನನ್ನ ಒರಟು ಮೈಗೆ ಅದು ಹಿತವಾಗಿಯೇ ಇತ್ತು. ಆ ಪಾಪವನ್ನು ಒಪ್ಪಿಕೊಳ್ಳುತ್ತೇನೆ.

ಭಾದ್ರಪದ ಕಳೆಯುವ ಹೊತ್ತಿಗೆ ಬೀದಿಯಲ್ಲಿ ವಾಂತಿಭೇದಿ ಶುರುವಾಯಿತು. ಜನ ನೀರು ಕಾಯಿಸಿ ಕುಡಿಯತೊಡಗಿದರು. ಗಾಬರಿಗೊಂಡ ಜವರಯ್ಯ ಮುಚ್ಚಳ ಸರಿಸಿ, ಉಜ್ಜುವ ಗೋಜಿಗೆ ಹೋಗದೆ, ಮೇಲಿನಿಂದಲೇ ನಾಲ್ಕು ಹಿಡಿ ಪುಡಿ ಸುರಿದ. ಪುಡಿಯ ಖಾರವನ್ನು ಲೋಳೆಯ ಮೇಲ್ಪದರವೇ ನುಂಗಿತು. ಅಡಿಯಲ್ಲಿದ್ದ ಕ್ರಿಮಿಗಳು ಬೆಚ್ಚಗೆ ಉಳಿದವು. ಎರಡು ದಿನ ಬಿಟ್ಟು ಅವನು ಸಣ್ಣತಾಯಮ್ಮನಿಗೆ, "ಇನ್ನು ಕಾಯ್ಸೋದು ಬ್ಯಾಡ ಕಣವ್ವ, ನೀರು ಸುದ್ದವಾಯ್ತು," ಎಂದ. ಕೂಗಿ ಹೇಳಬೇಕೆನಿಸಿತು. ನನಗಿದ್ದದ್ದು ನಲ್ಲಿಯ ಬಾಯಿ, ಅದರಿಂದ ನೀರಷ್ಟೇ ಬಂತು.

ತವರಿಗೆ ಬಂದಿದ್ದ ಸಣ್ಣತಾಯಮ್ಮನ ಮಗಳು ತನ್ನ ಎರಡು ವರ್ಷದ ಕೂಸಿಗೆ ಆ ನೀರು ಕುಡಿಸಿದಳು. ಮೂರನೆಯ ದಿನ ಕೂಸು ತೀರಿಕೊಂಡಿತು.

ಆಮೇಲೆ ಡಾಕ್ಟರಮ್ಮ ಬಂದರು, ಪಂಚಾಯ್ತಿ ಅಧ್ಯಕ್ಷರು ಬಂದರು. ಡಾಕ್ಟರಮ್ಮ ನನ್ನೊಳಗೆ ಕೈಯಿಳಿಸಿ ಬೆರಳಿಗೆ ಹತ್ತಿದ ಲೋಳೆಯನ್ನು ಜವರಯ್ಯನಿಗೆ ತೋರಿಸಿ, "ಎಷ್ಟು ಸುರಿದ್ರೂ ಪುಡಿ ಇದ್ರೊಳಗೆ ಇಳಿಯಲ್ಲ ಯಜಮಾನ್ರೇ. ಮೊದ್ಲು ಉಜ್ಜಿ ತೆಗೀಬೇಕು," ಎಂದರು.

"ಗೊತ್ತಿತ್ತು ಕಣವ್ವ," ಎಂದ ಜವರಯ್ಯ.

ಪುಡಿ ಕಡಿಮೆ ಮಾಡಲು ಹೇಳಿದವರು ಯಾರೆಂದು ಅಧ್ಯಕ್ಷರು ಕೇಳಿದರು. ಸಣ್ಣತಾಯಮ್ಮ ಗುಂಪಿನಲ್ಲೇ ಇದ್ದಳು, ಸೆರಗನ್ನು ಬಾಯಿಗೆ ಒತ್ತಿಕೊಂಡು. ಜವರಯ್ಯ ಅವಳ ಕಡೆ ತಿರುಗಲೇ ಇಲ್ಲ.

"ಯಾರೂ ಹೇಳ್ನಿಲ್ಲ. ಹಾಕಿದ್ದು ನನ್ ಕೈ."

ಅವನ ಕೆಲಸ ಹೋಯಿತು. ಬೀದಿ ಅವನನ್ನು ಮಾತಾಡಿಸುವುದು ಬಿಟ್ಟಿತು. ಮುಂದಿನ ಶಿವರಾತ್ರಿಯನ್ನು ಅವನು ಕಾಣಲಿಲ್ಲ.

ನನಗೆ ನೀರು ತರುತ್ತಿದ್ದ ಕೊಳಾಯಿ ಕಿತ್ತರು. ನಲ್ಲಿಗಳೂ ಹೋದವು. ಒಳಗಿನ ಲೋಳೆ ಬಿಸಿಲಿಗೆ ಒಣಗಿ, ಹೊಟ್ಟಿನಂತೆ ಉದುರಿತು. ಈಗ ನಾನು ಶುದ್ಧ, ಆದರೆ ಯಾರ ಬಾಯಾರಿಕೆಗೂ ಒದಗದವನು. ಶಿವ ಕೊಟ್ಟ ಕೆಲಸ ಒಂದೇ ಇತ್ತು.

ಮೊನ್ನೆ ಬೀದಿ ಬರಿದಾಗಿದ್ದ ಹೊತ್ತಿನಲ್ಲಿ ಸಣ್ಣತಾಯಮ್ಮ ಬಂದಳು. ನಲ್ಲಿ ಕಿತ್ತ ತೂತಿನ ಮುಂದೆ ಕುಕ್ಕರಿಸಿ, ಬಾಯಿ ಹತ್ತಿರ ತಂದು, "ಯೋಳಿದ್ದು ನಾನೇ ಕಣ್ ಜವರಣ್ಣ," ಎಂದಳು.

ಒಳಗೆ ಏನೂ ಇರಲಿಲ್ಲ. ಅವಳ ಮಾತು ನನ್ನ ಬರಿಹೊಟ್ಟೆಯನ್ನು ಒಂದು ಸುತ್ತು ಹಾಕಿ ಅವಳ ಮುಖಕ್ಕೇ ಮರಳಿತು. ಅವಳು ಬೆಚ್ಚಿ ಹಿಂದೆ ಸರಿದಳು.