ಗುಲಾಬಿ ಓದಿ ಹಾಕಿದ ಸಹಿ

ಗುಲಾಬಿ ಕೆಲಸ ಮಾಡುವ ಕಂಪನಿಯ ಹೊಸ ಲ್ಯಾಪ್‌ಟಾಪ್ ಯಾವಾಗ ಮಾರಾಟಕ್ಕೆ ಬರುತ್ತದೆಂದು ಈಸ್ಟ್ ಬ್ರನ್ಸ್‌ವಿಕ್‌ನ ಆ ಮನೆಯಲ್ಲಿ ವಾರದಿಂದ ಚರ್ಚೆ. ಅವಳ ಅಳಿಯ ವಿನಾಯಕ್ ಮಾರ್ಚ್ ಅಂದರೆ ಮೊಮ್ಮಗಳು ಸನ್ನಿಧಿ ಈ ತಿಂಗಳೇ ಅನ್ನುತ್ತಿದ್ದಳು. ಅವಳ ಹಳೆಯದು ಪರೀಕ್ಷೆಯ ಹೊತ್ತಿಗೇ ಕೈಕೊಟ್ಟಿತ್ತು.

ಗುಲಾಬಿಗೆ ಮಾತ್ರ ಗೊತ್ತಿತ್ತು. ಕ್ರ್ಯಾನ್‌ಬರಿಯ ಗೋದಾಮಿನಲ್ಲಿ ಆ ಲ್ಯಾಪ್‌ಟಾಪ್‌ಗಳ ಪೆಟ್ಟಿಗೆಗಳನ್ನು ಮೊನ್ನೆ ಜೋಡಿಸಿಟ್ಟವಳು ಅವಳೇ.

“ಅಜ್ಜಿ, ಒಂದು ಹಿಂಟ್ ಕೊಡಿ, ಪ್ಲೀಸ್.”

“ಗೋದಾಮಿನ ಸಂಗತಿ ಹೊರಗೆ ಹೇಳುದಿಲ್ಲ ಅಂತ ಸೈನ್ ಹಾಕಿದ್ದೇನೆ ಮಗಾ.”

“ಅದನ್ನೆಲ್ಲ ಯಾರು ಓದ್ತಾರೆ ಅತ್ತೆ? ಎಲ್ಲರೂ ಕಣ್ಣು ಮುಚ್ಚಿ ಸೈನ್ ಹಾಕುದು,” ಎಂದು ವಿನಾಯಕ್ ನಕ್ಕ.

“ನಾನು ಓದಿಯೇ ಹಾಕಿದ್ದು. ನಾಲ್ಕು ಪುಟವೂ.”

ಐವತ್ತು ದಾಟಿದ ಮೇಲೆ ರಾತ್ರಿಶಾಲೆಯಲ್ಲಿ ಇಂಗ್ಲಿಷ್ ಕಲಿತು, ತಾನೇ ಓದಿ ಸಹಿ ಮಾಡಿದ ಮೊದಲ ಕಾಗದ ಅದು.

ಪರೀಕ್ಷೆ ಹತ್ತಿರವಿದ್ದುದರಿಂದ ಕಾಯಲಾಗದೆ ಸನ್ನಿಧಿ ಅಂದೇ ಹಳೆಯ ಮಾದರಿಯನ್ನು ಕೊಂಡಳು. ಗುಲಾಬಿ ಕೊತ್ತಂಬರಿ ಸೋಸುತ್ತ ಕೂತಳು. ಮಂಗಳವಾರ ಹೊಸತು ಬಂದೇ ಬಂತು.

“ಅಜ್ಜಿ, ನಿಮಗೆ ಗೊತ್ತಿತ್ತಾ?”

“ಗೊತ್ತಿತ್ತು.”

ಸನ್ನಿಧಿ ಮುಖ ಊದಿಸಿಕೊಂಡು ಕೋಣೆಗೆ ಹೋದಳು. ಇನ್ನು ಇವಳು ತನ್ನನ್ನು ಮಾತಾಡಿಸಲಿಕ್ಕಿಲ್ಲ ಎಂದುಕೊಂಡಳು ಗುಲಾಬಿ. ಸ್ವಲ್ಪ ಹೊತ್ತಿಗೆ ಸನ್ನಿಧಿ ಗೆಳತಿಗೆ ಫೋನಿನಲ್ಲಿ ಹೇಳುವುದು ಕೇಳಿಸಿತು: “ಇದನ್ನ ರಿಟರ್ನ್ ಮಾಡ್ತೇನೆ ಬಿಡು. ಬಟ್ ಲಿಸನ್, ನಿಂಗೆ ಏನಾದ್ರೂ ಸೀಕ್ರೆಟ್ ಇದ್ರೆ ನಮ್ಮ ಅಜ್ಜಿ ಹತ್ರ ಹೇಳು.”

ಗುಲಾಬಿ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಳು.